ಪೆಟ್ಟಿಗೆಯ ಮೇಲಿಟ್ಟ ವೋಟು

ಅತ್ತೆಯ ಮರದ ಪೆಟ್ಟಿಗೆ ತೆರೆದರೆ ಇವತ್ತಿಗೂ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆಯುತ್ತದೆ. ಅತ್ತೆ ಸತ್ತು ನಲವತ್ತು ವರ್ಷ ದಾಟಿರಬೇಕು, ಘಾಟು ಸತ್ತಿಲ್ಲ. ಕಳೆದ ವಾರ ಆ ಪೆಟ್ಟಿಗೆ ತೆಗೆಸಿದವಳು ಶಶಿಕಲಾ. ನಮ್ಮ ಆಲೆಟ್ಟಿಯ ಅಂಗನವಾಡಿ ಟೀಚರ್ ಅವಳು. ವೋಟರ್ ಲಿಸ್ಟ್ ಹಿಡಿದು ಮನೆಮನೆ ತಿರುಗುವ ಕೆಲಸವೂ ಅವಳ ತಲೆಗೇ ಬಿದ್ದಿದೆ.

“ಅಜ್ಜಿ, ನಿಮ್ಮ ಪ್ರಾಯ ಒಂದು ಕಡೆ ಎಂಬತ್ತು ಅಂತ ಉಂಟು, ಇನ್ನೊಂದು ಕಡೆ ತೊಂಬತ್ತು ಅಂತ ಉಂಟು. ಯಾವುದು ಸರಿ?”

“ಎರಡನ್ನೂ ಕೂಡಿಸಿ ಬರೆ. ಸರಕಾರಕ್ಕೆ ಖುಷಿಯಾಗ್ಲಿ.”

“ತಮಾಷೆ ಮಾಡ್ಬೇಡಿ ಮಾರಾಯ್ರೆ. ಹೆಸರು ಹಾರಿಹೋದ್ರೆ ಬೈಗುಳ ನನಗೆ. ಹಳೇ ಕಾಗದ ಎಂತಾದ್ರೂ ಉಂಟಾ ನೋಡಿ.”

ಹಳೆಯ ಕಾಗದವೆಲ್ಲ ಅತ್ತೆಯ ಪೆಟ್ಟಿಗೆಯಲ್ಲಿ. ಶಶಿಕಲಾ ಎತ್ತಿ ಜಗಲಿಗೆ ತಂದಿಟ್ಟಳು. ಕೈ ಹಾಕಿದೆ. ಜಾತಕ, ಭೂಮಿಯ ತೀರುವೆ ರಶೀದಿ, ಜಿರಳೆಯ ಮೊಟ್ಟೆ. ಅಡಿಯಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗೆ ಹೊಗೆಸೊಪ್ಪಿನ ಪುಡಿ ಅಂಟಿದ ನಾಲ್ಕು ಕಾಗದ, ಒಂದೊಂದೂ ರೂಪಾಯಿ ನೋಟಿನಷ್ಟು ದೊಡ್ಡದು. ನಂಬರು ಅಚ್ಚಾಗಿತ್ತು. ಕಂಡ ಕೂಡಲೇ ಗುರುತು ಹತ್ತಿತು.

ನಿಮಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಬರಬೇಕು. ನನ್ನ ಕಾಲು ನಡೆಯುವುದು ನಿಧಾನ, ಬರವಣಿಗೆ ಅದಕ್ಕಿಂತ ನಿಧಾನ. ಅಕ್ಷರ ಕಲಿತದ್ದೇ ಮಗಳ ಸ್ಲೇಟು ನೋಡಿ, ಅಡುಗೆಯ ಮಧ್ಯೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ಸುಳ್ಯಕ್ಕೆ ಅಂತ ಬೇರೆ ಶಾಸಕರು ಇರಲಿಲ್ಲ. ನಾವೂ ವೋಟು ಹಾಕುತ್ತಿದ್ದದ್ದು ಪುತ್ತೂರು ಕ್ಷೇತ್ರಕ್ಕೆ. ಕ್ಷೇತ್ರ ಒಂದು, ಶಾಸಕರು ಇಬ್ಬರು. ಅದರಲ್ಲಿ ಒಂದು ಸ್ಥಾನ ಹರಿಜನರಿಗೆ ಮೀಸಲು. ಹಾಗಾಗಿ ತಲೆಗೆ ಎರಡು ವೋಟು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ, ಅಜ್ಜಿಗೆ ಅರಳುಮರಳು ಅಂತ. ಮುದ್ರೆ ಒತ್ತುವುದು, ಬಟನ್ ಒತ್ತುವುದು ಯಾವುದೂ ಇರಲಿಲ್ಲ. ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಕಬ್ಬಿಣದ ಪೆಟ್ಟಿಗೆ, ಮೇಲೆ ಅವರ ಚಿಹ್ನೆಯ ಚಿತ್ರ. ಪರದೆಯ ಹಿಂದೆ ಹೋಗಿ ಒಂದು ಕಾಗದ ಒಬ್ಬರ ಪೆಟ್ಟಿಗೆಗೆ, ಇನ್ನೊಂದು ಇನ್ನೊಬ್ಬರ ಪೆಟ್ಟಿಗೆಗೆ ಹಾಕಬೇಕು.

ಆ ಸಲ ಮೀಸಲು ಸ್ಥಾನಕ್ಕೆ ನಿಂತವರಲ್ಲಿ ನಮ್ಮ ಊರಿನ ಗುರುವ ಮೇಷ್ಟ್ರು ಒಬ್ಬರು. ಈ ಶಶಿಕಲಾಳ ಅಜ್ಜ. ಶಾಲೆಯ ಕೆಲಸ ಬಿಟ್ಟು ನಿಂತಿದ್ದರು. ಚಿಹ್ನೆ ಸೈಕಲ್, ಓಡಾಡಿದ್ದು ಬರಿಗಾಲಲ್ಲಿ, ಜಾಲ್ಸೂರಿನಿಂದ ಬೆಳ್ಳಾರೆಯವರೆಗೆ. ನಮ್ಮ ಮಾವನಿಗೆ ಕಚೇರಿಯ ಅರ್ಜಿಗಳನ್ನೆಲ್ಲ ಬರೆದು ಕೊಡುತ್ತಿದ್ದವರು ಅವರೇ. ಹೇಗೆ ಅಂದರೆ, ಮೇಷ್ಟ್ರು ಅಂಗಳದಲ್ಲಿ ನಿಂತು ಬರೆಯುವುದು, ಬರೆದದ್ದನ್ನು ಜಗಲಿಯ ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗುವುದು, ಆಮೇಲೆ ಮಾವ ತೆಗೆದುಕೊಳ್ಳುವುದು. ಗದ್ದೆ ಕೆಲಸದವರಿಗೆ ನಾವು ಭತ್ತ ಕೊಡುತ್ತಿದ್ದದ್ದೂ ಹಾಗೆಯೇ. ಕಟ್ಟೆಯ ಮೇಲಿಡುವುದು, ಸರಿದು ನಿಲ್ಲುವುದು. ಕೈಯಿಂದ ಕೈಗೆ ಏನೂ ದಾಟುತ್ತಿರಲಿಲ್ಲ. ನನಗೆ ಅದು ವಿಚಿತ್ರ ಅಂತ ಒಂದು ದಿನವೂ ಅನ್ನಿಸಿದ್ದಿಲ್ಲ. ಅನ್ನಿಸಿತ್ತು ಅಂತ ಈಗ ಬರೆದರೆ ಸುಳ್ಳಾಗುತ್ತದೆ.

ವೋಟಿನ ದಿನ ಮಾವ ಅಡುಗೆಮನೆಯ ಬಾಗಿಲಿಗೆ ಬಂದು, “ಒಂದು ನಮ್ಮವರಿಗೆ, ಇನ್ನೊಂದು ಗುರುವನಿಗೆ. ಒಳ್ಳೆ ಮನುಷ್ಯ. ಸೈಕಲಿನ ಚಿತ್ರ ನೋಡಿ ಹಾಕಿ,” ಎಂದರು. ನಾವು ಮೂವರು ಸೊಸೆಯಂದಿರು, ಹಿಂದೆ ಅತ್ತೆ, ಸಾಲಾಗಿ ಹೋದೆವು. ನನಗೆ ಇಪ್ಪತ್ತೊಂದು ತುಂಬಿತ್ತಷ್ಟೆ. ಮೊದಲನೆಯ ಪೆಟ್ಟಿಗೆಯ ಸೀಳಿಗೆ ಕಾಗದ ತುರುಕುವಾಗ ಬೆರಳು ಸಿಕ್ಕಿ ಗೀರಿತು. ಆಮೇಲೆ ಸೈಕಲಿನ ಪೆಟ್ಟಿಗೆ. ಅದರ ಮೇಲೆ ದೊಡ್ಡಕ್ಕ ಇಟ್ಟ ಕಾಗದ ಇತ್ತು, ನಡುವಿನಾಕೆಯದೂ ಇತ್ತು. ನಾನೂ ಇಟ್ಟೆ. ಮುಟ್ಟದ ಹಾಗೆ, ಮೆಲ್ಲಗೆ, ಅಂಚಿನಲ್ಲಿ. ಸರಿದು ನಿಂತೆ. ಹೊರಗೆ ಬಂದೆ. ಕೊನೆಗೆ ಅತ್ತೆ ಹೋದರು.

ಮೇಷ್ಟ್ರು ಸೋತರು. ಎಣಿಕೆ ಮುಗಿದ ವಾರ ಅಂಗಳಕ್ಕೆ ಬಂದು ಕೈಮುಗಿದು ನಿಂತಿದ್ದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಬಾಗಿಲ ಮರೆಯಿಂದ, “ಮೇಷ್ಟ್ರೇ, ನಾವು ಹೆಂಗಸರೆಲ್ಲ ನಿಮಗೇ ಹಾಕಿದ್ದು,” ಅಂದೆ. ಸೊಸೆ ಗಂಡಸರ ಎದುರು ಬಾಯಿ ತೆರೆದಳು ಅಂತ ಅತ್ತೆ ಆಮೇಲೆ ಉಗಿದರು. ಮೇಷ್ಟ್ರು ಮಾತ್ರ ಆ ಮಾತನ್ನು ಗಂಟು ಕಟ್ಟಿಕೊಂಡು ಹೋದರು.

ಮುಂದೆ ಸುಳ್ಯ ಬೇರೆ ಕ್ಷೇತ್ರವಾಯಿತು, ಮೀಸಲು ಕ್ಷೇತ್ರವೇ ಆಯಿತು. ಈಗ ಕಡಬ ಬೇರೆ ತಾಲೂಕಾದರೂ ಅಲ್ಲಿಯವರ ವೋಟು ಸುಳ್ಯಕ್ಕೇ. ಅಂಗಳದಲ್ಲಿ ನಿಂತವರ ಕಡೆಯವರೇ ಶಾಸಕರಾಗಿ ಬಂದರು. ಒಬ್ಬರಿಗೆ ಮೆಟ್ಟಿಲ ಮೇಲೆ ಚಾಪೆ ಹಾಕಿದೆವು. ಮತ್ತೊಬ್ಬರಿಗೆ ಜಗಲಿಯಲ್ಲಿ ಕುರ್ಚಿ. ಅವರು ಕುಡಿದ ಲೋಟವನ್ನು ಬೇರೆ ಇಟ್ಟವಳು ನಾನೇ. ಆ ಲೋಟ ಯಾವಾಗ ಉಳಿದ ಲೋಟಗಳ ಜೊತೆ ಸೇರಿತೋ ನೆನಪಿಲ್ಲ. ನಾನು ಸೇರಿಸಿದ್ದಲ್ಲ. ಕೆಲಸದ ಹುಡುಗಿ ಗೊತ್ತಿಲ್ಲದೆ ಸೇರಿಸಿರಬೇಕು. ಅಷ್ಟಾದರೂ ಊರೆಲ್ಲ ಜಂಬ ಕೊಚ್ಚಿಕೊಂಡವಳು ನಾನು: ಮೊದಲನೆಯ ವೋಟೇ ಗುರುವ ಮೇಷ್ಟ್ರಿಗೆ ಹಾಕಿದವಳು ನಾನು, ನನಗೆ ಜಾತಿಗೀತಿ ಇಲ್ಲ!

“ಇದೆಂತ ಅಜ್ಜಿ?” ಶಶಿಕಲಾ ಚೀಲದೊಳಗೆ ಇಣುಕಿದಳು.

“ವೋಟು. ನಿನ್ನ ಅಜ್ಜನಿಗೆ ನಾವು ಕೊಟ್ಟದ್ದು.”

“ಕೊಟ್ಟಿದ್ರೆ ಇಲ್ಲಿ ಹೇಗೆ ಉಂಟು?”

ಸೈಕಲಿನ ಪೆಟ್ಟಿಗೆಯ ಮೇಲೆ ಇಟ್ಟಿದ್ದೆವು ಅಂದೆ. ಕೊನೆಗೆ ಹೋದ ಅತ್ತೆ ಅಲ್ಲಿದ್ದದ್ದನ್ನೆಲ್ಲ ಎತ್ತಿಕೊಂಡಿರಬೇಕು, ತನ್ನದನ್ನೂ ಸೇರಿಸಿ. ಅವರ ಸ್ವಭಾವವೇ ಅದು, ದಾರಿಯಲ್ಲಿ ಒಂದು ಚೂರು ಕಾಗದ ಕಂಡರೂ ಹೊಗೆಸೊಪ್ಪು ಕಟ್ಟಲಿಕ್ಕಾಯಿತು ಅಂತ ಸೆರಗಿಗೆ ಹಾಕುವವರು.

ಶಶಿಕಲಾ ನಾಲ್ಕನ್ನೂ ಕಣ್ಣಲ್ಲೇ ಎಣಿಸಿದಳು. ಆಮೇಲೆ, “ಅಜ್ಜಿ, ಮೇಲೆ ಇಟ್ಟದ್ದು ವೋಟಲ್ಲ. ಒಳಗೆ ಹಾಕ್ಬೇಕಿತ್ತು,” ಎಂದಳು.

ಎಪ್ಪತ್ತು ವರ್ಷಕ್ಕೆ ಹತ್ತಿರ ಹತ್ತಿರ ಬದುಕಿದ್ದೇನೆ ಆ ದಿನದ ನಂತರ. ಒಂದು ಸಲವೂ ಇದು ತಲೆಗೆ ಹೋಗಲಿಲ್ಲವಲ್ಲ!

“ನಮಗೆ ಯಾರು ಹೇಳಿದ್ರು? ಗೊತ್ತಿರ್ಲಿಲ್ಲ,” ಅಂದೆ.

ಗೀರಿದ ಬೆರಳು ನೆನಪಾಯಿತು. ಮೊದಲನೆಯದನ್ನು ಸೀಳಿಗೆ ತುರುಕಿದವಳು ನಾನೇ ಅಲ್ಲವೇ? ಗೊತ್ತಿತ್ತು. ಒಂದು ಪೆಟ್ಟಿಗೆಯ ಹತ್ತಿರ ಗೊತ್ತಿತ್ತು, ಎರಡು ಮಾರು ಆಚೆಗಿದ್ದ ಇನ್ನೊಂದರ ಹತ್ತಿರ ಗೊತ್ತಿರಲಿಲ್ಲವೇ?

“ಸುಳ್ಳು ಹೇಳಿದೆ ಶಶಿ. ಗೊತ್ತಿತ್ತು. ನಿನ್ನ ಅಜ್ಜನ ಪೆಟ್ಟಿಗೆ ಅಂತ ಮುಟ್ಟಲಿಲ್ಲ.”

“ಅಜ್ಜ ಸಾಯುವ ತನಕ ಹೇಳ್ತಾ ಇದ್ರು,” ಎಂದಳು ಅವಳು, ನನ್ನ ಕಡೆ ನೋಡದೆ. “ಯಾರು ಕೈ ಬಿಟ್ರೂ ಆ ಮನೆಯ ನಾಲ್ಕು ವೋಟು ನನ್ನದು ಅಂತ. ನಾನು ಲಿಸ್ಟ್ ಹಿಡ್ಕೊಂಡು ಮೊದಲು ನಿಮ್ಮ ಮನೆಗೇ ಬರುದು ಅದಕ್ಕೇ.”

ನಾಲ್ಕು ವೋಟಿನಿಂದ ಅವರು ಗೆಲ್ಲುತ್ತಿರಲಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ನಮ್ಮಂಥ ಮನೆಗಳು ಈ ಕ್ಷೇತ್ರದಲ್ಲಿ ಎಷ್ಟಿದ್ದವು? ಎಷ್ಟು ಸೈಕಲಿನ ಪೆಟ್ಟಿಗೆಗಳ ಮೇಲೆ ಎಷ್ಟು ಸೊಸೆಯಂದಿರು ಮೆಲ್ಲಗೆ, ಅಂಚಿನಲ್ಲಿ ಇಟ್ಟು ಬಂದರು?

“ಅದನ್ನು ನನಗೆ ಕೊಡ್ತೀರಾ?” ಎಂದಳು.

ನಾಲ್ಕು ಕಾಗದ ಒಟ್ಟುಮಾಡಿದೆ. ಕೈ ತಾನಾಗಿಯೇ ಜಗಲಿಯ ಕಟ್ಟೆಗೆ ಹೋಯಿತು. ಇಟ್ಟೆ. ಇಟ್ಟ ಮೇಲೆ ನೋಡಿದೆ, ಏನು ಮಾಡಿದೆ ಅಂತ.

ಶಶಿಕಲಾ ತೆಗೆದುಕೊಳ್ಳಲಿಲ್ಲ. ಕಟ್ಟೆಯ ಕಡೆ ನೋಡಲೂ ಇಲ್ಲ. ಅಂಗೈ ಚಾಚಿ ಕುಳಿತಳು.

ನನ್ನ ಬೆರಳಿಗೆ ಈಗ ತೆಳು ಕಾಗದ ಬೇಗ ಸಿಗುವುದಿಲ್ಲ. ಒಂದೊಂದಾಗಿ ಹೆಕ್ಕಿದೆ. ಒಂದೊಂದಾಗಿ ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಒತ್ತಿದೆ. ಅವಳ ಕೈ ಬಿಸಿಯಾಗಿತ್ತು.

“ಫಾರ್ಮಿಗೆ ಸೈನ್ ಹಾಕಿ,” ಎಂದಳು ಅವಳು. ಪೆನ್ನನ್ನು ನನ್ನ ಕೈಗೇ ಕೊಟ್ಟಳು.