ಎಡಬಾಗಿಲೋ ಬಲಬಾಗಿಲೋ: ಹಲ್ಲಕ್ಕನ ಎಂಟು ಗಾಲಿಯ ಗಾಡಿ

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಬಾಲ್ಕನಿಗೆ ಗಾಜು ಹಾಕಿಸಿ ಮಾಡಿಕೊಂಡ ಪುಟ್ಟ ಕೋಣೆಯಲ್ಲಿ ಐವತ್ತಾರರ ಹೆಂಗಸೊಬ್ಬರು ಚಿಟಿಕೆ ಉಪ್ಪು ಹಿಡಿದು ಕೂತಿದ್ದಾರೆ. ಉಪ್ಪು ಬೀಳುವುದು ಪಾತ್ರೆಗಲ್ಲ, ಎದುರಿಗಿರುವ ಒಂದೂವರೆ ಅಡಿ ಗಾಡಿಯ ಬೆನ್ನಿಗೆ. ಮೊದಲು ತುಕ್ಕಿನ ಬಣ್ಣ ಬಳಿದಾಗಿದೆ. ಅದರ ಮೇಲೆ ನೀರು ಸವರಿ, ಉಪ್ಪು ಉದುರಿಸಿ, ಒಣಗಿದ ಮೇಲೆ ಬೂದುಬಣ್ಣ ಹೊಡೆಯುತ್ತಾರೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಉಪ್ಪು ಕಿತ್ತು ಬಂದು, ಅದು ಕೂತಿದ್ದ ಕಡೆಯೆಲ್ಲ ತುಕ್ಕು ಇಣುಕುತ್ತದೆ. ಮೊನ್ನೆ ಹುಟ್ಟಿದ ಗಾಡಿಗೆ ನಲವತ್ತು ವರ್ಷ ವಯಸ್ಸಾಗಿಬಿಡುತ್ತದೆ.

"ಬಾಗಿಲ ಹತ್ರ ಜಾಸ್ತಿ ಸವೀಬೇಕು. ದಿನಾ ಹತ್ತಿ ಇಳಿಯೋ ಜಾಗ ಅಲ್ವಾ? ಕಾಲು ತಾಗದ ಕಡೆ ಸವೆಸಿದ್ರೆ ಗಾಡಿ ಸುಳ್ಳು ಹೇಳುತ್ತೆ," ಎನ್ನುತ್ತಾರೆ. ಅಷ್ಟು ಹೇಳಿ ಕೈ ನಿಲ್ಲಿಸುತ್ತಾರೆ. ಗಾಡಿಯನ್ನು ಒಮ್ಮೆ ತಿರುಗಿಸುತ್ತಾರೆ. ತಮ್ಮ ಎಡಗೈ ಎತ್ತಿ ನೋಡಿಕೊಳ್ಳುತ್ತಾರೆ. "ಬಾಗಿಲು ಈ ಕಡೆನೇ ತಾನೆ?"

ಬೆಳಗಿನ ಮೊದಲ ಬಸ್ಸಿಗೆ ಹೊರಟ ಗಂಡ ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲಿ ಇಣುಕುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಊರಿನ ಬಸ್ ಓಡಿಸುವವರು. "ನನ್ನ ಬಸ್ಸಿಗೆ ಎರಡು ಬಾಗಿಲು. ಎರಡೂ ಎಲ್ಲಿವೆ ಅಂತ ನಂಗೆ ಗೊತ್ತು. ನಿಂದು ಒಂದೇ, ಅದೂ ಕಳೆದುಹೋಗಿದೆ."

"ಹೋಗ್ರೀ, ಜನ ಕಾಯ್ತಿರ್ತಾರೆ," ಎನ್ನುತ್ತಾರೆ ಇವರು, ತಲೆ ಎತ್ತದೆ.

ಸಿನಿಮಾ ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಇವರು ಹಲ್ಲಕ್ಕ. ಹತ್ತೊಂಬತ್ತು ವರ್ಷ ಕಟ್ಟುಹಲ್ಲು ತಯಾರಿಸಿದವರು. ಆ ಕೆಲಸಕ್ಕೆ ಯಂತ್ರ ಬಂದು ಇವರನ್ನು ಮನೆಗೆ ಕಳಿಸಿತು. ಅದಕ್ಕೆ ಸ್ವಲ್ಪ ಮುಂಚೆ, ಸಿನಿಮಾದ ಮುದುಕನ ಪಾತ್ರಕ್ಕೆಂದು ಹಲ್ಲಿನ ಸೆಟ್ಟು ಮಾಡಿಸಲು ಬಂದಿದ್ದ ಕಲಾ ನಿರ್ದೇಶಕರೊಬ್ಬರು ಇವರ ಮೇಜಿನ ಮೂಲೆಯಲ್ಲಿ ಹೆಬ್ಬೆರಳುದ್ದದ ರೈಲೊಂದನ್ನು ಕಂಡಿದ್ದರು. ಮಿಕ್ಕ ಮೇಣದಲ್ಲಿ ಬಿಡುವಿನಲ್ಲಿ ಮಾಡಿದ್ದು. "ಇದರ ಬಾಗಿಲು ತೆಗೆಯುತ್ತಾ?" ಎಂದು ಅವರು ತಮಾಷೆಗೆ ಕೇಳಿದರಂತೆ. ಹಲ್ಲಕ್ಕ ಸೂಜಿಯಿಂದ ತೆಗೆದು ತೋರಿಸಿದರಂತೆ.

ಅಂದಿನಿಂದ ಹನ್ನೊಂದು ವರ್ಷ, ಸಿನಿಮಾಕ್ಕೆಂದು ಇಪ್ಪತ್ಮೂರು ಪುಟ್ಟ ಗಾಡಿ. ಚಂದ್ರನ ಮೇಲೆ ತೆವಳುವುದು, ಕಡಲಡಿಗೆ ಮುಳುಗುವುದು, ಇಲ್ಲದ ಗ್ರಹದಲ್ಲಿ ಗಣಿ ಅಗೆಯುವುದು. ಅಂಗಡಿಯಲ್ಲಿ ಸಿಗುವ ಬಿಡಿಭಾಗ ತಂದು ಅಂಟಿಸುವ ಕೆಲಸವಲ್ಲ ಇದು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೈ ಕಟ್ಟಬೇಕು. ಪೆನ್ನಿನ ಮುಚ್ಚಳ ಹೊಗೆಕೊಳವೆಯಾಗುತ್ತದೆ, ಖಾಲಿ ಮಾತ್ರೆಯ ಪಟ್ಟಿ ಕಿಟಕಿಯ ಸಾಲಾಗುತ್ತದೆ, ಶಾಂಪೂ ಬಾಟಲಿಯ ಮುಚ್ಚಳ ಗಾಲಿಯಾಗುತ್ತದೆ. ಇಪ್ಪತ್ನಾಲ್ಕು ಅಡಿಗೆ ಒಂದು ಅಡಿ ಲೆಕ್ಕ. ಆರಡಿ ಆಳು ಇಲ್ಲಿ ಮೂರೇ ಇಂಚು. ಒಂದು ಗಾಲಿಗೆ ಎರಡು ದಿನ. ಮೈಮೇಲಿನ ನಾನೂರ ಹನ್ನೆರಡು ಮೊಳೆತಲೆಗಳು ಒಂದೊಂದೂ ಗುಂಡುಸೂಜಿಯ ತುದಿಯಿಂದ ಇಟ್ಟ ಅಂಟಿನ ಹನಿ. ದಿನಕ್ಕೆ ಎಂಟು ಗಂಟೆ ಭೂತಗನ್ನಡಿಯ ಕೆಳಗೆ. ಕತ್ತು ಹಿಡಿಯುತ್ತದೆ, ಬಣ್ಣದ ವಾಸನೆಗೆ ಸೀನು ಹತ್ತುತ್ತದೆ. ಸೀನು ಬಂದರೆ ಬಾಲ್ಕನಿಯಿಂದ ಓಡಿ ಬಚ್ಚಲಿಗೆ ಹೋಗಬೇಕು. ಒಮ್ಮೆ ಓಡಲಾಗದೆ, ಮೂರು ದಿನದ ಮೊಳೆತಲೆ ಒಂದೇ ಸೀನಿಗೆ ಹಾರಿಹೋಗಿತ್ತು.

ಬಾಗಿಲಿನ ಗೊಂದಲ ಶುರುವಾದದ್ದು ಹಿಂದಿನ ಗಾಡಿಯಿಂದ. ಎಂಟು ಗಾಲಿ, ಸಿನಿಮಾದ ಕಥೆಯಲ್ಲಿ ಅದರ ನಂಬರು ಎಪ್ಪತ್ನಾಲ್ಕು. ಕಲಾ ನಿರ್ದೇಶಕರು ಟ್ರೇಸಿಂಗ್ ಪೇಪರಿನ ಮೇಲೆ ಪಕ್ಕದ ನೋಟದ ಒಂದೇ ಚಿತ್ರ ಕೊಟ್ಟಿದ್ದರು. ಅದನ್ನು ನೋಡಿ ಹಲ್ಲಕ್ಕ ಏಳು ವಾರ ಗಾಡಿ ಕಟ್ಟಿದರು. ಅದೇ ಹಾಳೆ ನೋಡಿ ಸ್ಟುಡಿಯೋದ ಬಡಗಿ ನಿಜವಾದ ಅಳತೆಯ ಬಾಗಿಲು, ಏಣಿ ಮಾಡಿದ. ನಾಯಕಿ ಏಣಿ ಇಳಿಯುವ ದೃಶ್ಯ ಅದರಲ್ಲಿ ತೆಗೆದೂ ಆಯಿತು. ಪುಟ್ಟ ಗಾಡಿಯ ಚಿತ್ರೀಕರಣಕ್ಕೆ ಇನ್ನು ಐದೇ ದಿನ ಇದೆ ಎನ್ನುವಾಗ ಕಲಾ ನಿರ್ದೇಶಕರು ಮನೆಗೆ ಬಂದರು, ಫೋನಿನಲ್ಲಿದ್ದ ಆ ದೃಶ್ಯವನ್ನು ಗಾಡಿಯ ಪಕ್ಕ ಹಿಡಿದರು.

"ಹಲ್ಲಕ್ಕ, ಬಾಗಿಲು ಬಲಕ್ಕಲ್ವಾ ಇರಬೇಕಾದ್ದು?"

"ನನ್ನ ಬಲಕ್ಕೋ, ಗಾಡಿ ಬಲಕ್ಕೋ?"

ಅವರು ತಾವೇ ಗಾಡಿಯ ಹಾಗೆ ಬೆನ್ನು ತಿರುಗಿಸಿ ನಿಂತು, ಒಂದು ಕೈ ಎತ್ತಿ, ಇಳಿಸಿ, ಇನ್ನೊಂದು ಎತ್ತಿದರು. ಬಡಗಿಗೆ ಫೋನು ಹೋಯಿತು. "ನಾನು ಹಾಳೆ ನೋಡೇ ಮಾಡಿದ್ದು ಸಾರ್," ಎಂದ. "ನಾನೂ ಅದೇ ಹಾಳೆ ನೋಡಿದ್ದು," ಎಂದರು ಹಲ್ಲಕ್ಕ. ಹಾಳೆಯನ್ನು ಕಿಟಕಿಗೆ ಹಿಡಿದರು. ಈ ಕಡೆಯಿಂದ ನೋಡಿದರೆ ಗಾಡಿ ಎಡಕ್ಕೆ ಹೊರಟಿದೆ, ಬಾಗಿಲು ಅದರ ಎಡಮಗ್ಗುಲಿಗೆ. ಹಾಳೆ ಮಗುಚಿದರೆ ಬಲಕ್ಕೆ ಹೊರಟಿದೆ, ಬಾಗಿಲು ಬಲಮಗ್ಗುಲಿಗೆ. ಗೆರೆ ಎರಡು ಕಡೆಯಿಂದಲೂ ಅಷ್ಟೇ ನಿಚ್ಚಳ.

"ಬರೆದೋರು ನೀವೇ ಅಲ್ವಾ? ಯಾವ ಕಡೆಯಿಂದ ಬರೆದ್ರಿ?"

ಕಲಾ ನಿರ್ದೇಶಕರು ಹಾಳೆಯನ್ನು ಬೆರಳಿಂದ ಸವರಿದರು. "ಇದು ನಕಲು ಹಲ್ಲಕ್ಕ. ಮೂಲ ಎಲ್ಲಿಟ್ಟಿದೀನೋ ನಂಗೇ ಗೊತ್ತಿಲ್ಲ."

ಗಾಡಿ ಬಿಚ್ಚಿ ಬಾಗಿಲು ಬದಲಿಸಲು ಮೂರು ವಾರ ಬೇಕು. ದೃಶ್ಯ ಮತ್ತೆ ತೆಗೆಯಲು ನಾಯಕಿ ಊರಲ್ಲಿಲ್ಲ. ಇನ್ನು ಉಳಿದದ್ದೆಂದರೆ ಈ ಗಾಡಿಯನ್ನು ಕೈಬಿಟ್ಟು ಕಂಪ್ಯೂಟರಿನಲ್ಲಿ ಮಾಡಿಸುವುದು. ಕಲಾ ನಿರ್ದೇಶಕರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ನಾಳೆ ಮಾತಾಡೋಣ," ಎಂದು ಕಾಫಿ ಅರ್ಧ ಬಿಟ್ಟು ಎದ್ದರು.

"ಆವತ್ತು ತಲೆ ಗಿರ್ರ್ ಅಂದುಬಿಡ್ತು," ಎಂದು ನೆನೆಯುತ್ತಾರೆ ಹಲ್ಲಕ್ಕ. "ನಾನು ತಪ್ಪು ಮಾಡಿದ್ದೀನಾ? ಗೊತ್ತಿಲ್ಲ. ತಪ್ಪಾಗಿದ್ರೆ ಒಪ್ಕೋಬಹುದು. ತಪ್ಪೋ ಸರಿಯೋ ಅನ್ನೋದೇ ಗೊತ್ತಾಗದಿದ್ರೆ ಏನು ಒಪ್ಕೊಳ್ಳೋದು?"

ಮರುದಿನ ಬೆಳಿಗ್ಗೆ ಅವರ ಅತ್ತೆ ಕೈಗನ್ನಡಿ ಹಿಡಿದು ಕಟ್ಟುಹಲ್ಲು ಕೂರಿಸಿಕೊಳ್ಳುತ್ತಿದ್ದರು. ಸೊಸೆ ಮಾಡಿಕೊಟ್ಟ ಹಲ್ಲು. "ಬಲಗಡೆ ಚುಚ್ಚುತ್ತೆ ಕಣೇ," ಎಂದರು. ಹಲ್ಲಕ್ಕ ಎದುರು ಕೂತು ಎಡಗಡೆ ಬೆರಳಿಟ್ಟರು. ಹತ್ತೊಂಬತ್ತು ವರ್ಷದ ಅಭ್ಯಾಸ: ಎದುರಿನವರ ಬಲ ನಮ್ಮ ಎಡ. ಬೆರಳು ಅಲ್ಲೇ ನಿಂತಿತು. ಪರದೆಯ ಮೇಲೆ ಗಾಡಿಯ ಚಿತ್ರವನ್ನೇ ಕನ್ನಡಿಯಂತೆ ಎಡಬಲ ಮಗುಚಿಬಿಟ್ಟರೆ?

ಸಂಕಲನಕಾರರಿಗೆ ಫೋನು ಮಾಡಿದರು. ಮಗುಚುವುದು ಚಿಟಿಕೆ ಹೊಡೆದಷ್ಟು ಸುಲಭವಂತೆ. "ಆದ್ರೆ ಮೇಡಂ, ಗಾಡಿ ಮೇಲಿನ ಬರಹ ಎಲ್ಲಾ ಉಲ್ಟಾ ಆಗುತ್ತಲ್ಲ."

ಬರಹಗಳು ಮೂವತ್ತೊಂದಿದ್ದವು. "ಇಲ್ಲಿ ಕಾಲಿಡಬೇಡಿ", "ಬಿಸಿ ಇದೆ, ಮುಟ್ಟಬೇಡಿ", "ಗಾಳಿ ಕೊಳವೆ", ಅಕ್ಷರಗಳು ಸಾಸಿವೆಗಿಂತ ಸಣ್ಣವು. ಕಲಾ ನಿರ್ದೇಶಕರನ್ನು ಒಪ್ಪಿಸಿ ಹಲ್ಲಕ್ಕ ಎಲ್ಲವನ್ನೂ ಒರೆಸಿದರು. ನಾಲ್ಕು ದಿನ ಕೂತು ಮೂವತ್ತೊಂದನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆದರು. ಅತ್ತೆ ಕೈಗನ್ನಡಿ ಹಿಡಿದು ಗಟ್ಟಿಯಾಗಿ ಓದಿ ಒಪ್ಪಿಗೆ ಕೊಡಬೇಕು.

"'ಮುಟಬೇಡಿ' ಅಂತಿದೆ. ಒತ್ತು ಎಲ್ಲೇ ಹೋಯ್ತು?"

"ಇದೆಯಲ್ಲ ಅತ್ತೆ, ಎಡಕ್ಕೆ."

"ಅದು ಹಿಂದಿನ ಅಕ್ಷರದ ಕೆಳಗಿದೆ. ಪಕ್ಕದ ಮನೆಗೆ ಬಾಡಿಗೆಗೆ ಹೋಗಿದೆ. ಕರ್ಕೊಂಡು ಬಾ."

ಮೂರನೇ ದಿನ ಅತ್ತೆ ಒಂದು ಬರಹದ ಮುಂದೆ ಸೋತು ಕೂತರು. "ಇದೊಂದು ಯಾವ ಭಾಷೆನೋ, ಓದೋಕೇ ಆಗ್ತಿಲ್ಲ." ನೋಡಿದರೆ ಹಲ್ಲಕ್ಕ ಕೈತಪ್ಪಿ ಅದನ್ನು ನೆಟ್ಟಗೆ ಬರೆದಿದ್ದರು. ಅಷ್ಟು ಹೊತ್ತಿಗೆ ಮನೆಯಲ್ಲಿ ಯಾವುದು ನೆಟ್ಟಗೆ ಯಾವುದು ಸೊಟ್ಟಗೆ ಎಂಬುದೇ ಮರೆತುಹೋಗಿತ್ತು. ಅಂಗಡಿಗೆ ಹೊರಟ ಹಲ್ಲಕ್ಕ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ ಬಸ್ ನಿಲ್ದಾಣದಲ್ಲಿ ನಿಂತರು. ಬಂದ ಬಸ್ಸಿನಲ್ಲಿ ಗಂಡನೇ ಇದ್ದರು. "ಎಲ್ಲಿಗೆ?" ಎಂದರು. "ಗೊತ್ತಿಲ್ಲರೀ," ಎಂದರು ಇವರು. ಅವರು ಹತ್ತಿಸಿಕೊಂಡು, ಮುಂದಿನ ನಿಲ್ದಾಣದಲ್ಲಿ ಅಂಗಡಿಯ ದಾರಿ ತೋರಿಸಿ ಇಳಿಸಿದರು.

ಚಿತ್ರೀಕರಣ ಹೇಳಿದ ದಿನವೇ ನಡೆಯಿತು. ನೆರಳೂ ಮಗುಚಬೇಕಲ್ಲ, ದೀಪ ಯಾವ ಕಡೆ ಇಡಬೇಕೆಂದು ಛಾಯಾಗ್ರಾಹಕರಿಗೂ ಅರ್ಧ ದಿನ ತಲೆ ಕೆಟ್ಟಿತು.

ಸಿನಿಮಾ ಬಂತು. ಗಾಡಿ ತೆರೆಯ ಮೇಲೆ ಇರುವುದು ಮೂರೂವರೆ ನಿಮಿಷ. ಹಲ್ಲಕ್ಕ, ಗಂಡ, ಅತ್ತೆ ಮೂವರೂ ಹೋಗಿ ನೋಡಿದರು. ಕೆಂಪು ಧೂಳಿನಲ್ಲಿ ಎಂಟು ಗಾಲಿಯ ಗಾಡಿ ಉರುಳಿ ಬಂದು ನಿಂತಿತು, ಬಾಗಿಲು ತೆರೆಯಿತು, ನಾಯಕಿ ಇಳಿದಳು. ಪುಟ್ಟ ಗಾಡಿಗೂ ಬಡಗಿಯ ಬಾಗಿಲಿಗೂ ನಡುವೆ ಎಳೆಯಷ್ಟೂ ಬಿರುಕಿಲ್ಲ. ಆದರೆ ಹಲ್ಲಕ್ಕನಿಗೆ ಸಂತೋಷವಾಗಲಿಲ್ಲ, ದಿಗಿಲಾಯಿತು. ಇದು ತನ್ನದೇ? ಸವೆದ ಮೆಟ್ಟಿಲು ಗೊತ್ತು, ಮೊಳೆತಲೆ ಗೊತ್ತು. ಆದರೂ ಯಾರೋ ಬೇರೆಯವರ ಗಾಡಿ.

"ಫೋಟೋದಲ್ಲಿ ನಮ್ಮ ಮುಖ ನಮಗೇ ಪರಕೀಯ ಅನ್ಸುತ್ತಲ್ಲ, ಹಾಗೆ. ಏಳು ವಾರ ನಾನು ನೋಡಿದ್ದು ಒಂದು ಗಾಡಿ, ಜಗತ್ತು ನೋಡಿದ್ದು ಇನ್ನೊಂದು," ಎನ್ನುತ್ತಾರೆ. ಪಕ್ಕದಲ್ಲಿ ಅತ್ತೆ ಮಾತ್ರ ಗಟ್ಟಿಯಾಗಿ "ಬಿಸಿ ಇದೆ, ಮುಟ್ಟಬೇಡಿ" ಎಂದು ಓದಿದರಂತೆ. ಮುಂದಿನ ಸಾಲಿನವರು ತಿರುಗಿ ನೋಡಿದರಂತೆ. ಕೊನೆಯಲ್ಲಿ ಓಡಿದ ಹೆಸರುಗಳಲ್ಲಿ ಹಲ್ಲಕ್ಕನ ಹೆಸರಿರಲಿಲ್ಲ. ಕಂಪ್ಯೂಟರಿನವರು ಚೆನ್ನಾಗಿ ಮಾಡಿದ್ದಾರೆ ಎಂದು ಮಾತಾಡಿಕೊಳ್ಳುತ್ತಾ ಜನ ಹೊರಗೆ ಹೋದರು.

ಯಾರ ಬಾಗಿಲು ಸರಿ ಎನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಮೂಲ ಹಾಳೆ ಸಿಕ್ಕಿಲ್ಲ. ಬಡಗಿ ಎದುರಾದರೆ ಇಬ್ಬರೂ ನಕ್ಕು, ಆ ವಿಷಯ ಬಿಟ್ಟು ಮಿಕ್ಕದ್ದೆಲ್ಲ ಮಾತಾಡುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಹಲ್ಲಕ್ಕ ಹೇಳುವುದು ಇಷ್ಟೇ: "ಮುಂದೆ ಚಿತ್ರ ಕೊಡೋರು ಮೂಲೆಯಲ್ಲಿ 'ಎಡ' ಅಂತ ಎರಡಕ್ಷರ ಬರೆದುಕೊಟ್ರೆ ಸಾಕು."

ಎಪ್ಪತ್ನಾಲ್ಕನೇ ನಂಬರಿನ ಗಾಡಿ ಈಗ ಸ್ಟುಡಿಯೋದ ಮುಂಬಾಗಿಲ ಹಜಾರದಲ್ಲಿ, ಗಾಜಿನ ಪೆಟ್ಟಿಗೆಯೊಳಗಿದೆ. ನೋಡಲು ಬಂದವರು ಬರಹ ಕಂಡು ನಗುವುದುಂಟು. ಕಳೆದ ತಿಂಗಳು ಹಲ್ಲಕ್ಕ ಅಲ್ಲಿಗೆ ಹೋಗಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿ ನೋಡುತ್ತಾ, "ಛೆ, ಇಷ್ಟು ಚೆಂದ ಮಾಡಿ ಅಕ್ಷರ ಎಲ್ಲಾ ಉಲ್ಟಾ ಬರೆದಿದ್ದಾರಲ್ಲ!" ಎಂದು ಪಕ್ಕದಲ್ಲಿ ನಿಂತಿದ್ದ ಇವರಿಗೇ ಹೇಳಿದರು.

ಹಲ್ಲಕ್ಕ ಗಾಜಿನ ಹತ್ತಿರ ಬಗ್ಗಿ, ಮೂವತ್ತೊಂದನ್ನೂ ಇನ್ನೊಮ್ಮೆ ಕಣ್ಣಲ್ಲೇ ಓದಿಕೊಂಡರು.

"ಹೌದು ಸಾರ್, ಉಲ್ಟಾನೇ," ಎಂದರು. "ಆದ್ರೆ ಕಾಗುಣಿತ ನೋಡಿ, ಒಂದೂ ತಪ್ಪಿಲ್ಲ."