ಮುದಕಪ್ಪ ಒಗೆದ ಬಿಳಿ ಅಂಗಿ

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಮುದಕಪ್ಪ ಮೂವತ್ತೊಂದು ವರ್ಷ ದುಡಿದ. ಬೆಂದ ಬಿದಿರು ಕಂದು ರಾಡಿಯಾಗಿ ಬಂದರೆ ಅದನ್ನು ಬೆಳ್ಳಗೆ ಮಾಡುವ ವಿಭಾಗ ಅವನದು. ಪಾಳಿಯಿಂದ ಬಂದು ಉಣ್ಣುವುದು, ಮಲಗುವುದು, ಮತ್ತೆ ಪಾಳಿಗೆ ಹೋಗುವುದು, ಇಷ್ಟೇ ಅವನಿಗೆ ಗೊತ್ತಿದ್ದ ಸಂಸಾರ. ಹೆಂಡತಿ ಶಂಕ್ರೆವ್ವ ತೀರಿಕೊಂಡಾಗ ಮಗಳು ಜ್ಯೋತಿಗೆ ಹನ್ನೆರಡು ವರ್ಷ. ಆ ವರ್ಷವೇ ಹುಡುಗಿ ಏಳನೆಯ ತರಗತಿಯಲ್ಲಿ ನಪಾಸಾದಳು. ಓದು ಇವಳ ತಲೆಗೆ ಹತ್ತುವುದಿಲ್ಲ ಎಂದು ಮುದಕಪ್ಪ ಅವಳಿಗೆ ಶಾಲೆ ಬಿಡಿಸಿದ.

ದೊಡ್ಡವಳಾದ ಮೇಲೆ ಜ್ಯೋತಿಗೆ ಮದುವೆಯಾಯಿತು. ಗಂಡ ಗೋವಾಕ್ಕೆ ಲಾರಿ ಓಡಿಸಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಗಳು ಸಹನಾಳನ್ನು ಎತ್ತಿಕೊಂಡು ಜ್ಯೋತಿ ಅಪ್ಪನ ಮನೆಗೆ ಬಂದಳು. ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯವರ ಬಟ್ಟೆ ಹೊಲಿಯುತ್ತಿದ್ದಳು. ಸಹನಾ ಮೂರನೆಯ ತರಗತಿಗೆ ಹೋಗುವಾಗ ಶನಿವಾರದ ಬಿಳಿ ಅಂಗಿಯನ್ನು ಜ್ಯೋತಿಯೇ ಹೊಲಿದಳು. ಮಗು ಬೆಳೆದರೂ ಬರಲಿ ಎಂದು ಅಂಚಿನೊಳಗೆ ನಾಲ್ಕು ಬೆರಳಷ್ಟು ಬಟ್ಟೆ ಮಡಿಚಿದ್ದಳು. ಆ ಶ್ರಾವಣದಲ್ಲಿ ಜ್ಯೋತಿ ಕಾಮಾಲೆಯಾಗಿ ಹದಿನೈದೇ ದಿನಕ್ಕೆ ತೀರಿಕೊಂಡಳು.

ಅರವತ್ತಮೂರರ ಮುದಕಪ್ಪನಿಗೆ ಅಡುಗೆ ಹೇಗೋ ಬಂತು. ಬಟ್ಟೆ ಒಗೆಯುವುದು ಬರಲಿಲ್ಲ. ನೀಲಿ ಲಂಗ, ತನ್ನ ಧೋತರ, ಟವೆಲ್ಲು ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿ ಹಿಂಡುತ್ತಿದ್ದ. ಸಹನಾ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳೆಲ್ಲ ಮೈದಾನದ ಹಿಂದಿನ ಮರದಿಂದ ಗೇರುಹಣ್ಣು ಕಿತ್ತು ತಿಂದರು. ರಸವೆಲ್ಲ ಸಹನಾಳ ಅಂಗಿಯ ಮೇಲೆ ಸುರಿದಿತ್ತು. ಮುದಕಪ್ಪ ಸಾಬೂನು ಹಚ್ಚಿ ತಿಕ್ಕಿದ. ಮೊದಲು ಕಾಣದೇ ಇದ್ದ ಕಲೆ ಒಣಗಿದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿತು. ಮತ್ತೆ ತಿಕ್ಕಿದ, ಇನ್ನೂ ಗಾಢವಾಯಿತು.

"ಟೀಚರ್ ಬೈತಾರಜ್ಜಾ," ಎಂದಳು ಸಹನಾ.

"ನಿಮ್ಮಜ್ಜ ಲಾರಿಗಟ್ಟಲೆ ಬಿದಿರ ಬೆಳ್ಳಗ ಮಾಡ್ಯಾನ. ಇದೇನ ದೊಡ್ಡ ಮಾತವ್ವಾ? ನೀ ಸುಮ್ಮನ ಸಾಲಿಗಿ ಹೋಗು."

ಸೋಮವಾರ ಅವಳು ಹೋದ ಮೇಲೆ, ನೀರಿನ ಟಾಕಿಗೆಂದು ತಂದಿದ್ದ ಬ್ಲೀಚಿಂಗ್ ಪೌಡರನ್ನು ಎರಡು ಮುಷ್ಟಿ ಬಕೆಟ್ಟಿಗೆ ಸುರಿದು ಅಂಗಿ ಮುಳುಗಿಸಿದ. ಮಧ್ಯಾಹ್ನ ತೆಗೆದು ನೋಡಿದರೆ ಕಲೆ ಇರಲಿಲ್ಲ. ಅಂಗಳದಲ್ಲಿ ಒಬ್ಬನೇ ನಕ್ಕ. ನೀರು ಹಿಂಡಲು ತಿರುವಿದ. ಎದೆಯ ಭಾಗ ನೆನೆದ ಕಾಗದದ ಹಾಗೆ ಕಿತ್ತು ಕೈಗೆ ಬಂತು.

ಹರಿದ ಅಂಗಿಯನ್ನು ಅಕ್ಕಿಯ ಡಬ್ಬಿಯ ಹಿಂದೆ ತುರುಕಿದ. ಸಹನಾ ಬಂದು ಕೇಳಿದಾಗ, "ಗಾಳಿಗೆ ಹಾರಿ ಹೋತವ್ವಾ, ಎಲ್ಲೆ ಹೋತೋ ಏನೋ," ಎಂದ.

ಸಹನಾ ನಂಬಿದಳು. ಬೇಲಿ, ಗಟಾರ, ಪಕ್ಕದ ಮನೆಗಳ ತಗಡು, ಎಲ್ಲ ಕಡೆ ಹುಡುಕಿದಳು. ಮೂರನೆಯ ದಿನ ಓಣಿಯ ತುದಿಯ ಇಸ್ತ್ರಿ ಅಂಗಡಿಯ ಬದರುನ್ನಿಸಾ ಅವಳ ಕೈ ಹಿಡಿದುಕೊಂಡು ಬಂದಳು.

"ಕಾಕಾ, ಮನಿಮನಿಗೆ ಹೋಗಿ 'ನಮ್ಮವ್ವ ಹೊಲಿದ ಅಂಗಿ ನೋಡೀರೇನ್ರಿ' ಅಂತ ಕೇಳಾಕ ಹತ್ತೈತ್ರಿ ಕೂಸು. ಹಾರಿ ಹೋಗುವಷ್ಟು ಗಾಳಿ ಯಾವತ್ತ ಬಿಟ್ಟಿತ್ತು?"

ಮುದಕಪ್ಪ ಒಳಗೆ ಹೋಗಿ ಅಂಗಿ ತಂದು ಇಬ್ಬರ ಮುಂದೆ ಇಟ್ಟ. ಸಹನಾ ಅದನ್ನು ಬಿಡಿಸಿ ನೋಡಿದಳು.

"ಸುಳ್ಳ ಯಾಕ ಹೇಳಿದಿ ಅಜ್ಜಾ?" ಎಂದಳು. ಉತ್ತರಕ್ಕೆ ಕಾಯದೆ ಅಂಗಿ ಎತ್ತಿಕೊಂಡು ಒಳಗೆ ಹೋದಳು.

ಬದರುನ್ನಿಸಾ ಕಟ್ಟೆಯ ಮೇಲೆ ಕುಳಿತಳು. "ಗೇರಹಣ್ಣಿನ ಕಲಿಗೆ ಸಾಬೂನ ಹಚ್ಚಬಾರದ್ರಿ. ಹಸಿ ಇದ್ದಾಗ ತಣ್ಣೀರಾಗ ನೆನಿಸಿ, ಲಿಂಬಿಹಣ್ಣ ತಿಕ್ಕಿ ಬಿಸಲಿಗೆ ಹಾಕಬೇಕು. ಆದ್ರೂ ಪೂರಾ ಹೋಗೂದಿಲ್ಲ. ಒಂದ ಮಾತ ನನ್ನ ಕೇಳಬಾರದಿತ್ತೇನ್ರಿ?"

"ನನಗ ಗೊತ್ತೈತಿ ಅಂದ್ಕೊಂಡಿದ್ದೆ ತಂಗಿ."

"ಜ್ಯೋತಿ ಕೇಳಿದ್ಲು ನೋಡ್ರಿ. ಅವ್ವ ಸತ್ತ ತಿಂಗಳಿಗೆ ನನ್ನ ಹತ್ರ ಬಂದಿದ್ಲು, ನಿಮ್ಮ ಖಾಕಿ ಪ್ಯಾಂಟಿನ ಗ್ರೀಸ್ ಹೆಂಗ ತೆಗೀಬೇಕಂತ. 'ಹೊಲಸ ಅರಬಿ ಹಾಕ್ಕೊಂಡ ಹೋದ್ರ ಅಪ್ಪಗ ನಾಚಿಗಿ ಆಗ್ತೈತಿ' ಅಂದ್ಲು. ನಿಮ್ಮ ರಜಾ ಸೋಮವಾರ ಇತ್ತಲ್ಲ, ಪ್ಯಾಂಟ ಅವತ್ತೊಂದ ದಿನ ಒಗಿಯಾಕ ಸಿಗತಿತ್ತು. ಆ ವರ್ಷ ಪೂರ್ತಿ ಸೋಮವಾರ ಸಾಲಿ ತಪ್ಪಿಸಿ ಹಳ್ಳಕ್ಕ ಒಗಿಲಿಕ್ಕೆ ಹೋಗ್ತಿದ್ಲು. ನಿಮಗ ಗೊತ್ತಿರಲಿಲ್ಲೇನು?"

ಮುದಕಪ್ಪನಿಗೆ ಗೊತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಮಡಿಚಿಟ್ಟ ಪ್ಯಾಂಟು ಕೈಗೆ ಸಿಗುತ್ತಿತ್ತು, ಹಾಕಿಕೊಂಡು ಹೋಗುತ್ತಿದ್ದ. ಯಾರು ಒಗೆದರು ಎಂದು ಒಂದು ದಿನವೂ ಕೇಳಿರಲಿಲ್ಲ. ನಪಾಸಾದ ದಿನ ಅವಳನ್ನು ಓಣಿಯವರ ಮುಂದೆ ದಡ್ಡಿ ಎಂದು ಬೈದದ್ದು ಮಾತ್ರ ಅವನಿಗೆ ಚೆನ್ನಾಗಿ ನೆನಪಿತ್ತು. ಬದರುನ್ನಿಸಾ ಎದ್ದು ಹೋದಳು. ಆ ಕಟ್ಟೆಯ ಮೇಲೆ ಕುಳಿತ ಮುದಕಪ್ಪ ಸಂಜೆಯವರೆಗೂ ಏಳಲಿಲ್ಲ.

ಮರುದಿನದಿಂದ ಸಹನಾ ತನ್ನ ಬಟ್ಟೆ ತಾನೇ ಒಗೆಯತೊಡಗಿದಳು. ಎಂಟು ವರ್ಷದ ಹುಡುಗಿ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಎರಡೂ ಕೈಯಿಂದ ಬ್ರಶ್ ಹಿಡಿದು ತಿಕ್ಕುತ್ತಿದ್ದಳು. ಮುದಕಪ್ಪನಿಗೆ ನೋಡಲಾಗಲಿಲ್ಲ.

"ಬಿಡವ್ವಾ, ನಾ ಒಗೀತೇನಿ. ನೀ ಹೋಗಿ ಓದ್ಕೋ."

"ಬ್ಯಾಡ. ನೀ ಹರೀತಿ."

ಅವನು ಜಗ್ಗಾಡಲಿಲ್ಲ. ದಿನಾ ಬೆಳಿಗ್ಗೆ ಬದರುನ್ನಿಸಾಳ ಅಂಗಡಿಗೆ ಹೋಗಿ ಕುಳಿತು ಕಲಿಯತೊಡಗಿದ. ರಕ್ತಕ್ಕೆ ಬಿಸಿನೀರು ತಾಗಿಸಬಾರದು, ಎಣ್ಣೆಯ ಕಲೆಗೆ ಮೊದಲು ಹಿಟ್ಟು ಉದುರಿಸಬೇಕು, ಶಾಯಿಗೆ ಹಾಲು. ಅವಳ ಗಂಡ ಖಲೀಲ ಹಳೆಯ ಬಟ್ಟೆಯ ತುಂಡು ಕೊಟ್ಟು ಅವನಿಂದ ಮಾಡಿಸಿ ನೋಡುತ್ತಿದ್ದ. ತಪ್ಪಿದರೆ ಮತ್ತೆ ಮಾಡಿಸುತ್ತಿದ್ದ.

ಜೂನ್‌ನಲ್ಲಿ ಶಾಲೆ ತೆರೆಯಿತು. ಹೊಸ ಬಿಳಿ ಅಂಗಿ ಅಂಗಡಿಯದು. ಎರಡನೆಯ ವಾರವೇ ಸಹನಾ ತೋಳಿಗೆ ಶಾಯಿ ಬಳಿದುಕೊಂಡು ಬಂದಳು. ಒಂದಿಷ್ಟು ಹೊತ್ತು ಬಾಗಿಲಲ್ಲಿ ನಿಂತಳು. ಆಮೇಲೆ ಅಂಗಿ ಕಳಚಿ ಅಜ್ಜನ ಪಕ್ಕದಲ್ಲಿಟ್ಟು, ಪಾಟಿಚೀಲ ತೆಗೆದುಕೊಂಡು ಒಳಗೆ ಹೋದಳು. ಮುದಕಪ್ಪ ಚಹಾಕ್ಕೆಂದು ಇಟ್ಟಿದ್ದ ಹಾಲನ್ನೆಲ್ಲ ಬಟ್ಟಲಿಗೆ ಸುರಿದು ತೋಳು ನೆನೆಸಿದ. ಬಟ್ಟೆಗೆ ನೋವಾಗದ ಹಾಗೆ ಹೆಬ್ಬೆರಳಿನಿಂದ ಉಜ್ಜಿದ. ಪೂರ್ತಿ ಹೋಗಲಿಲ್ಲ, ತಿಳಿನೀಲಿಯ ನೆರಳೊಂದು ಉಳಿಯಿತು.

ಶನಿವಾರ ಅದೇ ಅಂಗಿ ಹಾಕಿಕೊಂಡು ಅಜ್ಜನ ಕೈ ಹಿಡಿದು ಶಾಲೆಗೆ ಹೊರಟಳು. ದಾರಿಯಲ್ಲಿ ಇದ್ದಕ್ಕಿದ್ದಂತೆ ಕೇಳಿದಳು, "ಅಜ್ಜಾ, ನಮ್ಮವ್ವ ಸಾಲ್ಯಾಗ ದಡ್ಡಿ ಇದ್ದಳಂತ, ಹೌದೇನ?"

"ಯಾರಂದ್ರು?"

"ಅವ್ವನೇ ಹೇಳತಿದ್ಲು."

"ಇಲ್ಲವ್ವಾ. ಭಾಳ ಶ್ಯಾಣ್ಯಾಕಿ ಇದ್ಲು. ನಾನ ಸಾಲಿ ಬಿಡಿಸಿದೆ."

ಸಹನಾ ಗೇಟಿನ ಹತ್ತಿರ ಕೈ ಬಿಡಿಸಿಕೊಂಡು ಒಳಗೆ ಓಡಿದಳು. ಗಂಟೆ ಹೊಡೆದು, ಪ್ರಾರ್ಥನೆ ಮುಗಿದು, ಮಕ್ಕಳೆಲ್ಲ ಕೋಣೆಗಳಿಗೆ ಹೋಗುವವರೆಗೂ ಮುದಕಪ್ಪ ಅಲ್ಲೇ ಗೋಡೆ ಹಿಡಿದು ನಿಂತಿದ್ದ.