ಮೇಲಿನ ಮನೆಯವಳ ಹಗಲುನಿದ್ದೆ

ರಕ್ಷಣಾ ಕಾರ್ಖಾನೆಯೊಂದರ ಕಚೇರಿಯಲ್ಲಿ ಟೈಪಿಸ್ಟ್ ಆಗಿ ದುಡಿದು ನಿವೃತ್ತಳಾದ ಮೇಲೆ ನನ್ನ ನಿದ್ದೆ ಕೈಕೊಟ್ಟಿತು. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿ ಇಲ್ಲ, ಇನ್ನು ಹೊದ್ದು ಮಲಗುವುದೇ ಎಂದುಕೊಂಡಿದ್ದವಳಿಗೆ ಹೊರಳಾಡುವುದೇ ಕೆಲಸವಾಯಿತು. ನಮ್ಮ ಯಜಮಾನರದು ತಲೆ ದಿಂಬಿಗೆ ತಾಗುತ್ತಲೇ ಗೊರಕೆ. ಒಮ್ಮೆ ಎಬ್ಬಿಸಿ ಹೇಳಿಕೊಂಡೆ. "ಕಣ್ಣು ಮುಚ್ಚಿ ಬಿದ್ಕೊ, ತಾನ ಬರ್ತೈತಿ" ಎಂದು ಮಗ್ಗುಲು ಬದಲಿಸಿದರು.

ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಮರುದಿನ ತಲೆಯಲ್ಲಿ ಒದ್ದೆ ಅರಿವೆ ತುಂಬಿದ ಹಾಗೆ. ಒಲೆಯ ಮೇಲೆ ಹಾಲಿಟ್ಟು ಎದುರಿಗೇ ನಿಂತಿದ್ದೆ, ಪಾತ್ರೆ ಸೀದು ಕಪ್ಪಾದದ್ದು ವಾಸನೆಗೆ ತಿಳಿಯಿತು. ಹೆದರಿ ಡಾಕ್ಟರನ್ನೇ ಕೇಳಿ ಗುಳಿಗೆ ಬಿಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಮಾತ್ರ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಷ್ಟಾದರೂ ಸಿಕ್ಕಿತಲ್ಲ ಎಂದು ಸಂಜೆಯ ಚಹಾದವರೆಗೆ ಮಲಗಿಬಿಡುತ್ತಿದ್ದೆ.

ಹೈದರಾಬಾದಿನ ನಮ್ಮ ಉಪ್ಪಲ್‌ನಲ್ಲಿ ಆಗ ಐಟಿ ಕಟ್ಟಡಗಳು ಏಳುತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಸಂಜೆ ಕ್ಯಾಬ್ ಬಂದು ಮೇಲಿನ ಮನೆಯ ಹೆಂಗಸನ್ನು ಕರೆದೊಯ್ಯುವುದು, ನಸುಕಿನಲ್ಲಿ ತಂದು ಬಿಡುವುದು. ಅಮೆರಿಕದ ಹಗಲಿಗೆ ಇಲ್ಲಿ ರಾತ್ರಿ ದುಡಿಯುವ ಕೆಲಸ ಅವಳದು. ಲಿಫ್ಟಿನಲ್ಲಿ ಸಿಕ್ಕರೆ ನಾನು ತೆಲುಗಿನಲ್ಲಿ "ಬಾಗುನ್ನಾರಾ" ಎನ್ನುವುದು, ಅವಳು ಹಿಂದಿಯಲ್ಲಿ "ಹಾಂ ಆಂಟೀ" ಎನ್ನುವುದು, ಅಷ್ಟೇ ಬಳಕೆ.

ಒಂದು ನಸುಕಿನಲ್ಲಿ ನಿದ್ದೆಯಿಲ್ಲದೆ ಮನೆಯೊಳಗೆ ಇರಲಾಗದೆ, ಬಿಳಿ ಶಾಲು ಹೊದ್ದು ಕೆಳಗಿಳಿದು ಮೆಟ್ಟಿಲ ಮೇಲೆ ಕೂತಿದ್ದೆ. ಕ್ಯಾಬ್ ಇಳಿದು ಬಂದವಳು ನನ್ನನ್ನು ಕಂಡು ಕಿಟಾರನೆ ಕಿರುಚಿಕೊಂಡಳು. ವಾಚ್‌ಮನ್ ಕೋಲು ಹಿಡಿದು ಓಡಿ ಬಂದ. ಮೂರೂ ಅಂತಸ್ತಿನಲ್ಲಿ ದೀಪ ಹತ್ತಿದವು. ಗಾಬರಿಗೆ ನನ್ನ ಬಾಯಿಂದ, "ಅಯ್ಯ ಶಿವನ! ನಾನವಾ, ಕೆಳಗಿನ ಮನಿಯಾಕಿ!" ಎಂದು ಬಂದುಬಿಟ್ಟಿತು.

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: "ಅಮ್ಮಾರ, ನೀವು ನಮ್ಮ ಕಡಿಯವರೇನ್ರಿ?"

"ವಿಜಯಪುರದ ಕಡಿಯಾಕಿ. ನೀ?"

"ರಾಯಚೂರ್ರಿ!"

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಇದ್ದು ಪರಭಾಷೆಯಲ್ಲಿ ಕ್ಷೇಮ ಕೇಳಿಕೊಂಡಿದ್ದೆವು. "ಒಳಗ ಬಾರವಾ" ಎಂದು ಕರೆದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ನಾನು ಅಲ್ಲಿ ಯಾಕೆ ಕೂತಿದ್ದೆನೆಂಬುದನ್ನೂ ಹೇಳಿದೆ.

"ಮಧ್ಯಾಹ್ನ ಮಲಗತೀರೇನ್ರಿ?" ಎಂದಳು.

"ಮಲಗತೀನಿ. ಇಲ್ಲಾಂದ್ರ ಬದುಕೋದು ಹೆಂಗ?"

"ಅದನ್ನ ಬಿಡ್ರಿ ಮೊದಲ. ಕೋಣ್ಯಾಗಿನ ಗಡಿಯಾರ ತಗೀರಿ. ಸಂಜಿ ಮ್ಯಾಲ ಚಾ ಬ್ಯಾಡ. ನಿದ್ದಿ ಬರಲಿಲ್ಲಂದ್ರ ಎದ್ದು ಹೊರಗಿನ ಕೋಣ್ಯಾಗ ಕುಂದರ್ರಿ, ಹಾಸಗ್ಯಾಗ ಒದ್ದಾಡಬ್ಯಾಡ್ರಿ. ರಾತ್ರಿ ಹೆಂಗರ ಹೋಗಲಿ, ಮುಂಜಾನಿ ಒಂದ ಹೊತ್ತಿಗೆ ಏಳ್ರಿ. ನಮಗ ಕಂಪನ್ಯಾಗ ಡಾಕ್ಟರ್ ಕರಸಿ ಹೇಳಿಸ್ಯಾರ."

ಕೇಳಲು ಸುಲಭವಿತ್ತು. ಮಧ್ಯಾಹ್ನದ ನಿದ್ದೆ ಮಾತ್ರ ಬಿಡಲಾಗಲಿಲ್ಲ. ಪತ್ರಿಕೆ ಹಿಡಿದರೆ ಪತ್ರಿಕೆಯ ಮೇಲೆ, ಟಿವಿ ಹಚ್ಚಿದರೆ ಸೋಫಾದ ಮೇಲೆ ಜೋಲುತ್ತಿದ್ದೆ. ಒಂದು ದಿನ ಅವಳ ಕಣ್ಣು ಕೆಂಪಗಿರುವುದು ಕಂಡು, "ನಿಂದು ಹೆಂಗ ನಡದೈತಿ?" ಎಂದು ಕೇಳಿದೆ. ಮಗಳು ಶಾಲೆಯಿಂದ ಮಧ್ಯಾಹ್ನಕ್ಕೇ ಬರುತ್ತಾಳೆ, ಗಂಡ ನಾಚಾರಂನ ಕಾರ್ಖಾನೆಯಿಂದ ಬರುವುದು ಸಂಜೆಗೆ, ಹೀಗಾಗಿ ಅರ್ಧ ನಿದ್ದೆಯಲ್ಲೇ ಎದ್ದುಬಿಡಬೇಕು ಎಂದಳು.

"ಹುಡುಗೀನ ನನ್ನ ಕಡೆ ಕಳಸು" ಎಂದೆ.

ಮರುದಿನದಿಂದ ಒಂದನೇ ಕ್ಲಾಸಿನ ಆ ಹುಡುಗಿ ನೇರ ನಮ್ಮ ಮನೆಗೆ ಬಂದಳು. ಊಟ ಮಾಡಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದೆ. ನಾನು ತೂಕಡಿಸಿದರೆ ಗಲ್ಲ ಹಿಡಿದು ಅಲುಗಿಸಿ, "ಅಮ್ಮಮ್ಮಾ, ಮೀದೇ ಆಟ" ಎಂದು ಶಾಲೆಯ ತೆಲುಗಿನಲ್ಲಿ ನನ್ನ ಸರದಿ ನೆನಪಿಸಿ ಕವಡೆ ಕೈಗೆ ತುರುಕುವಳು. ಅವಳ ಕೈಯಲ್ಲಿ ಸಿಕ್ಕ ಮೇಲೆ ಮಲಗುವ ಮಾತೆಲ್ಲಿ! ಮೇಲಿನ ಮನೆಯ ಕರೆಗಂಟೆ ಯಾರೂ ಒತ್ತದಂತೆ ಯಜಮಾನರು ಕೊರಿಯರ್‌ನವರನ್ನು ಕೆಳಗೇ ತಡೆಯತೊಡಗಿದರು. ಅವಳು ಕಣ್ತುಂಬ ಮಲಗುತ್ತಿದ್ದಾಳೆಂದು ನೆನೆದರೆ ನನ್ನ ಮೈಯೇ ಹಗುರಾಗುತ್ತಿತ್ತು.

ಮೊದಲ ವಾರ ಸುಮ್ಮನೆ ದಣಿವು. ಆಮೇಲೊಂದು ಬೆಳಿಗ್ಗೆ ಯಜಮಾನರೇ ಚಹಾ ಮಾಡಿ ತಂದು ಎಬ್ಬಿಸಿದರು. "ಗೊರಕಿ ಹೊಡೀತಿದ್ದಿ" ಎಂದರು. ಅವರಿಂದ ಆ ಮಾತು ಕೇಳಿ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ವಯಸ್ಸಿನಲ್ಲಿದ್ದಾಗಿನ ನಿದ್ದೆ ಮರಳಿಲ್ಲ, ಬೇಕೆಂದು ಕೇಳುವುದೂ ಇಲ್ಲ. ಈಗಲೂ ಕೆಲವು ರಾತ್ರಿ ಎದ್ದು ಕೂರುತ್ತೇನೆ, ಆದರೆ ಅದಕ್ಕೆ ಅಂಜುವುದಿಲ್ಲ. ಮೇಲಿನ ಮನೆಯವಳ ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕು ಅವರು ಶಂಶಾಬಾದಿಗೆ ಮನೆ ಬದಲಿಸಿ ಬಹಳ ಕಾಲವಾಯಿತು. ಅವಳಿಗೂ ಈಗ ಹಗಲಿನ ಕೆಲಸ. ಊಟದ ಬಿಡುವಿನಲ್ಲಿ ಆಗಾಗ ಫೋನು ಮಾಡುತ್ತಾಳೆ.

"ಮಲಗಿಲ್ಲ ಹೌದಲ್ರಿ, ಅಮ್ಮಾರ?"

"ಇಲ್ಲವಾ, ಮೆಂತ್ಯೆ ಸೊಪ್ಪು ಸೋಸಾಕತ್ತೀನಿ" ಎನ್ನುತ್ತೇನೆ. ಆಮೇಲೆ ಅವಳು ತನ್ನ ಮನೆಯ ಸುದ್ದಿ ಹೇಳುತ್ತಾಳೆ. ಸೊಪ್ಪು ಸೋಸಿ ಮುಗಿದರೂ ನಮ್ಮ ಮಾತು ಮುಗಿದಿರುವುದಿಲ್ಲ.